ಹರ್ಥಶಾಸ್ತ್ರ

ಪಿರಿಯಾಪಟ್ಟಣದ ಆಚೆಯ ನಮ್ಮೂರಿನಿಂದ ಹುಣಸೂರಿನ ಡಿಗ್ರಿ ಕಾಲೇಜಿಗೆ ಸೇರಿದ ಮೊದಲ ಸೋಮವಾರ ಎಲ್ಲರೂ ಎದ್ದು ಪರಿಚಯ ಹೇಳಿಕೊಳ್ಳಬೇಕಿತ್ತು. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. "ನಮ್ಮದು ಸಣ್ಣ ಅಳ್ಳಿ" ಎಂದೆ. ಹಿಂದಿನ ಬೆಂಚಿನವನೊಬ್ಬ ನಕ್ಕ. ಇನ್ನು ಹಕಾರ ಬಿಡಲೇಬಾರದೆಂದು ಹಟ ಹಿಡಿದೆ. ಮರುವಾರ, ಇಷ್ಟದ ವಿಷಯ ಯಾವುದೆಂದು ಕೇಳಿದಾಗ ಬಹಳ ಎಚ್ಚರಿಕೆಯಿಂದ "ಹರ್ಥಶಾಸ್ತ್ರ" ಎಂದೆ. ಇಡೀ ತರಗತಿ ನಕ್ಕಿತು.

ತರಗತಿಯಲ್ಲಿ ಬಾಯಿ ಬಿಟ್ಟ ದಿನ ದಿನಚರಿಯ ಅಂಚಿನಲ್ಲಿ ಒಂದು ಗೀಟು ಹಾಕುತ್ತಿದ್ದೆ. ಆಮೇಲೆ ಪುಟಗಟ್ಟಲೆ ಒಂದೂ ಗೀಟಿಲ್ಲ.

ಅಷ್ಟರಲ್ಲಿ ಸೆಮಿನಾರ್ ಬಂತು. ತರಗತಿಯ ಮುಂದೆ ನಿಂತು ಮಾತಾಡದಿದ್ದರೆ ಇಂಟರ್ನಲ್ ಅಂಕವಿಲ್ಲ. "ಬಸ್ಸು ಸರಿಯಾಗಿ ಸಿಗಲ್ಲ ಕಣವ್ವ, ಕಾಲೇಜು ಬುಟ್ಬುಡ್ತೀನಿ" ಎಂದೆ.

"ಬಸ್ಸು ದಿನಾ ಬತ್ತದೆ. ಅತ್ತಾಕೆ ನಿಂಗೇ ಇಷ್ಟ ಇಲ್ಲ" ಎಂದಳು ಅವ್ವ.

ಬಿಡುವುದನ್ನು ಅರ್ಥಶಾಸ್ತ್ರದ ಮೇಡಂಗೂ ಹೇಳಲು ಹೋದೆ. ಅವರು ಕಾರಣ ಕೇಳಿದರು. ಬಸ್ಸಿನ ಕಥೆ ಅಲ್ಲಿ ನಡೆಯಲಿಲ್ಲ, ಇದ್ದದ್ದನ್ನೇ ಹೇಳಿದೆ.

"ನಿಮ್ಮನೇಲಿ ಏನು ಬೆಳೀತಾರೆ?"

"ಒಗೆಸೊಪ್ಪು."

"ಅದರ ಮೇಲೇ ಸೆಮಿನಾರ್ ಕೊಡು, ಸಸಿಯಿಂದ ಹರಾಜಿನವರೆಗೆ. ಹಕಾರ ಬರೆಯುವಾಗ ಇದ್ದರೆ ಸಾಕು. ನಾನೂ ಸರಗೂರಿನವಳು ಕಣೇ. ನಮ್ಮಪ್ಪ ಫೋನ್ ಮಾಡಿದ್ರೆ ಇವತ್ತಿಗೂ 'ಅಲೋ' ಅಂತೀನಿ!"

ಅಲ್ಲಿಂದ ದಿನಾ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು ಊಟ ಮಾಡುತ್ತಿದ್ದರು, ನಾನು ಮಾತಾಡುತ್ತಿದ್ದೆ. ತಡವರಿಸಿದರೆ, "ಮುಂದಕ್ಕೆ ಹೋಗು, ಸೊಪ್ಪು ಸೀದೋಗುತ್ತೆ" ಎನ್ನುತ್ತಿದ್ದರು.

ಸೆಮಿನಾರಿನ ದಿನ ನಾಲಗೆಯ ಮೇಲಿದ್ದ ಹೆದರಿಕೆ ಎಲೆಯನ್ನು ಕಾವಿನಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ನಿನ ವಿಷಯ ಬರುವಷ್ಟರಲ್ಲಿ ಮರೆತುಹೋಯಿತು. ಒಂದೇ ಹೊಲದ ಎಲೆಗೆ ಬಣ್ಣ ನೋಡಿ ಹರಾಜಿನಲ್ಲಿ ಬೇರೆ ಬೇರೆ ದರ ಏಕೆಂದು ವಿವರಿಸುತ್ತಿದ್ದೆ. ಮೊದಲ ದಿನ ನಕ್ಕಿದ್ದವನೇ ಎದ್ದು, "ಅಂಗಾದ್ರೆ ಬಣ್ಣ ಕೆಟ್ಟ ಸೊಪ್ಪನ್ನ ತಗೊಳ್ಳೋರೇ ಇಲ್ವಾ?" ಎಂದ.

"ಅಂಗಾದ್ರೆ ಅಂದ ಕಣ್ಲಾ!" ಎಂದು ಪಕ್ಕದವನು ಕೂಗಿದ. ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ಉತ್ತರ ಕೊಟ್ಟೆ. ಪ್ರಶ್ನೆಗಳು ಗಂಟೆ ಹೊಡೆಯುವವರೆಗೂ ಬಂದವು. ಅಂಕಗಳೂ ಬಂದವು, ಕಾಲೇಜು ಉಳಿಯಿತು.

ಈಗ ಕೊನೆಯ ವರ್ಷದಲ್ಲಿದ್ದೇನೆ, ಎಂ.ಎ.ಗೆ ಅರ್ಜಿ ಹಾಕುವವಳಿದ್ದೇನೆ. ಮೇಡಂಗೆ ಬೇರೆ ಊರಿಗೆ ವರ್ಗವಾದಾಗ, ನನಗಾಗಿ ಬಿಟ್ಟುಕೊಟ್ಟ ಅಷ್ಟೂ ಮಧ್ಯಾಹ್ನಗಳಿಗೆ ಧನ್ಯವಾದ, ನೀವು ಇಲ್ಲದಿದ್ದರೆ ನಾನಿಲ್ಲಿ ಇರುತ್ತಿರಲಿಲ್ಲ ಎಂದು ಹೇಳಲು ಹೋದೆ.

"ಬುಡು ಬುಡು" ಎಂದರು ಮೇಡಂ. "ಒಬ್ಬಳೇ ಉಣ್ಣೋದು ತಪ್ತಲ್ಲ ನಂಗೆ."