ಶರಣಪ್ಪ ನಕ್ಕ ತಾರೀಖು

1971ರ ಡಿಸೆಂಬರ್‌ನಲ್ಲಿ ನಾನು ಹೈದರಾಬಾದಿನ ಒಂದು ಸಾಕ್ಷ್ಯಚಿತ್ರ ಘಟಕದ ಕ್ಯಾಮೆರಾಮನ್ ಆಗಿ ಪಶ್ಚಿಮ ಗಡಿಗೆ ಹೋದೆ. ಎಸ್ಸೆಸ್ಸೆಲ್ಸಿ ಓದಿದ್ದ ಇಪ್ಪತ್ತನಾಲ್ಕರ ನನಗೆ ಯುದ್ಧವೇ ಸಿಕ್ಕಿಬಿಟ್ಟಿತ್ತು! ಕೀ ಕೊಟ್ಟು ಓಡಿಸುವ ಕ್ಯಾಮೆರಾ, ನೂರಡಿಯ ರೋಲು. ಒಂದು ನಿಮಿಷಕ್ಕೆ ಖಾಲಿ. ಪ್ರತಿ ಡಬ್ಬಿಯ ಜೊತೆ ಡೋಪ್ ಶೀಟ್ ಎಂಬ ಹಾಳೆ ಇಡಬೇಕು: ಎಲ್ಲಿ, ಯಾವತ್ತು ತೆಗೆದದ್ದು, ಅದರಲ್ಲಿ ಯಾರಿದ್ದಾರೆ. ಊರಿನಲ್ಲಿ ಕುಳಿತು ಚಿತ್ರ ಜೋಡಿಸುವವರು ಆ ಹಾಳೆಯನ್ನೇ ನಂಬುತ್ತಿದ್ದರು.

ದಾಳಿಯ ಹಿಂದಿನ ಸಂಜೆ ಕಂದಕದಲ್ಲಿ ಕನ್ನಡ ಕೇಳಿಸಿತು. ಬೀದರ್ ಕಡೆಯ ಸಿಪಾಯಿ ಶರಣಪ್ಪ. ಹೆಂಡತಿ ಕಸ್ತೂರಿ ನಮ್ಮ ಹೈದರಾಬಾದಿನ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳಂತೆ.

“ಏನ್ರೀ ಫಿಲಂನವರ, ಮಾರಿ ಛಂದ ತೆಗೀರಿ. ನನ್ನಾಕಿ ಟಾಕೀಸ್‌ನ್ಯಾಗ ನೋಡಿ ಬೈಬಾರ್ದು!”

ರೈಫಲ್ ಎತ್ತಿ ಬಾಯ್ತುಂಬ ನಕ್ಕ. ಇಡೀ ರೋಲು ಅವನಿಗೇ ಸುರಿದೆ.

ಮರುದಿನ ಬೆಳಿಗ್ಗೆ ಶತ್ರುಠಾಣೆ ನಮ್ಮದಾಯಿತು. ಓಡುತ್ತ, ಬೀಳುತ್ತ, ಮರಳು ಉಗುಳುತ್ತ ಆರು ರೋಲು ತೆಗೆದೆ. ಅಂಥ ಬೆಳಗು ಮತ್ತೆ ಕಾಣಲಿಲ್ಲ! ಆದರೆ ಗೆದ್ದವರ ಮುಖದಲ್ಲಿ ನಗುವಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದರು. ಡಬ್ಬಿ ಒಯ್ಯುವ ಜೀಪು ಹಾರ್ನ್ ಹೊಡೆಯುತ್ತಿತ್ತು. ಗೆಲುವಿನ ಚಿತ್ರಕ್ಕೆ ಒಂದು ನಗು ಬೇಕಿತ್ತು. ಶರಣಪ್ಪನ ರೋಲಿನ ಹಾಳೆಯ ಮೇಲೆ ಆ ದಿನದ ತಾರೀಖು ಹಾಕಿ, ‘ಗೆದ್ದ ಮೇಲೆ’ ಎಂದು ಬರೆದೆ. ಹೆಸರಿದ್ದರೆ ಸೇನೆಯವರು ತಾಳೆ ನೋಡುತ್ತಾರೆಂದು ಆ ಜಾಗ ಖಾಲಿ ಬಿಟ್ಟೆ.

ಮೂರು ವಾರದ ನಂತರ ನಮ್ಮ ಬೇಗಂಪೇಟೆ ಆಫೀಸಿಗೆ ಕಸ್ತೂರಿ ಓಡಿಬಂದಳು.

“ಸಾಹೇಬ್ರ, ತಂತಿ ಸುಳ್ಳೈತ್ರಿ! ದಾಳಿಯೊಳಗ ತೀರಿ ಹೋಗ್ಯಾನಂತ ಬರ್ದಾರ. ಗೆದ್ದ ಮ್ಯಾಲ ನಗಾಕತ್ತಾನ, ಟಾಕೀಸ್‌ನ್ಯಾಗ ನಾಕು ಸಲ ನೋಡೀನಿ! ಅತ್ತಿ ಕೈಬಳಿ ಒಡಿ ಅಂದ್ಳು, ಒಲ್ಲೆ ಅಂದೆ. ಮಿಲಿಟ್ರಿಯವರಿಗೆ ನೀವೊಂದು ಚೀಟಿ ಬರೀರಿ.”

“ವಿಚಾರಿಸ್ತೀನಿ” ಎಂದೆ. ವಿಚಾರಿಸುವುದೇನಿತ್ತು? ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವಳು ಓಣಿಯವರನ್ನೆಲ್ಲ ಟಾಕೀಸಿಗೆ ಕರೆದೊಯ್ದು ಗಂಡನನ್ನು ತೋರಿಸಿದ್ದಳು. ಅವರು ಶಿಳ್ಳೆ ಹೊಡೆದಿದ್ದರು.

ಹನ್ನೆರಡನೆಯ ದಿನ ಆ ಹಾಳೆ ಹಿಡಿದು ಅವಳ ಮನೆಗೆ ಹೋದೆ.

“ಅಕ್ಕಾರ, ಅದು ದಾಳಿಗಿಂತ ಹಿಂದಿನ ದಿನದ್ದರಿ. ತಾರೀಖು ನಾನೇ ಸುಳ್ಳು ಬರ್ದೀನಿ.”

ಕಸ್ತೂರಿ ಹಾಳೆ ತೆಗೆದುಕೊಂಡು ತಾರೀಖಿನ ಮೇಲೆ ಬೆರಳಿಟ್ಟಳು.

“ಗೆದ್ದ ಮ್ಯಾಲ ಅಂವ ಎಲ್ಲಿದ್ದಾನಂತ ಒಬ್ಬರನ್ನರ ಕೇಳಿದ್ರೇನು?”

“ಇಲ್ಲರಿ.”

ಅವಳು ಬೈಯಲಿಲ್ಲ. ಹಾಳೆಯನ್ನು ನನ್ನ ಕೈಗಿಟ್ಟು, ಒಳಗಿದ್ದ ಅತ್ತೆಯತ್ತ ಬಳೆ ತೊಟ್ಟ ಎರಡೂ ಕೈ ಚಾಚಿದಳು. ನಾನು ನಿಲ್ಲಲಾರದೆ ಹೊರಟುಬಂದೆ. ಕ್ಷಮಿಸು ಎನ್ನಲೂ ಇಲ್ಲ.

ಆಮೇಲೆ ಮೂವತ್ತು ವರ್ಷ ಕ್ಯಾಮೆರಾ ಹಿಡಿದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಒಬ್ಬನ ಮುಖ ಸೆರೆಹಿಡಿದವನು ಡಬ್ಬಿ ಮುಚ್ಚುವ ಮೊದಲು ಆ ಮನುಷ್ಯ ಎಲ್ಲಿದ್ದಾನೆಂದು ಹುಡುಕಿಕೊಂಡು ಹೋಗಬೇಕು.