ಭಾವ ಉಳಿಸಿದ ಜೌಗು

ಹೋದ ಭಾನುವಾರ ಬೆಳಿಗ್ಗೆ ಚೆನ್ನೈನ ಪೆರುಂಗುಡಿಯ ಒಂದು ತಾರಸಿಯ ಮೇಲೆ ನೆಂಟರಿಷ್ಟರೆಲ್ಲ ಸೇರಿ ಒಂದೇ ಒಂದು ಇಟ್ಟಿಗೆಗೆ ಮಂಗಳಾರತಿ ಮಾಡಿದೆವು. ಎರಡನೇ ಇಟ್ಟಿಗೆ ಇರಲಿಲ್ಲ. ಇಡುವ ಹಾಗೂ ಇರಲಿಲ್ಲ!

ತಾರಸಿ ನನ್ನ ಭಾವನದು. ಅಕ್ಕನ ಗಂಡ, ರೈಲ್ವೆಯಲ್ಲಿದ್ದು ನಿವೃತ್ತರಾದವರು. (ಎಲೆಕ್ಟ್ರಿಕ್ ಟ್ರೇನ್ ಲೇಟಾದರೆ ಇವತ್ತಿಗೂ ಅವರೇ ನಮ್ಮಲ್ಲಿ ಕ್ಷಮೆ ಕೇಳುತ್ತಾರೆ.) ಮನೆಯ ಮೇಲೊಂದು ಮಹಡಿ ಎಬ್ಬಿಸಿ ಐಟಿ ಹುಡುಗರಿಗೆ ಬಾಡಿಗೆಗೆ ಕೊಡುವುದು ಅವರ ಬಹುದಿನದ ಪ್ಲಾನ್. ಆಚಾರ್ಯರು ಮುಹೂರ್ತ ಇಟ್ಟುಕೊಟ್ಟಿದ್ದರು. ಪುಳಿಯೋಗರೆ ಗೊಜ್ಜು ಕುದಿದು ತಣ್ಣಗಾಗಿತ್ತು. ನುಂಗಂಬಾಕ್ಕಂನಿಂದ ನಾನೂ ರೇಷ್ಮೆ ಸೀರೆ ಉಟ್ಟು ಬಂದಿಳಿದಿದ್ದೆ. ಆಗ ಸುದ್ದಿ ಗೊತ್ತಾಯಿತು: ಅಲ್ಲಿನ ಜೌಗು ಪ್ರದೇಶದ ಸುತ್ತಮುತ್ತ ಹೊಸದಾಗಿ ಏನೂ ಕಟ್ಟಬಾರದು ಎಂದು ಕೆಲವು ತಿಂಗಳ ಹಿಂದೆ ಬಂದ ತಡೆ ಹಳೆಯ ಮನೆಯ ಮೇಲಿನ ಮಹಡಿಗೂ ಅನ್ವಯಿಸುತ್ತದಂತೆ. ಭಾವನ ಮನೆಯೂ ಆ ಸುತ್ತಮುತ್ತಲಲ್ಲೇ ಇದೆ.

ಇಂಥದ್ದೊಂದು ತಡೆ ಬೇಕು ಎಂದು ಹಟ ಹಿಡಿದವರು ಯಾರು? ನಮ್ಮ ಭಾವನೇ!

ಆಗಿದ್ದಿಷ್ಟು. ಅವರ ಮನೆಯೆದುರಿನ ಖಾಲಿ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಬರುತ್ತದೆ ಎಂದಾಯಿತು. ಬಂದರೆ ಗಾಳಿ ಇಲ್ಲ, ಸಂಜೆ ಕಾಫಿ ಕುಡಿಯುತ್ತಾ ಹಕ್ಕಿ ನೋಡುವ ಸುಖವೂ ಇಲ್ಲ. ಭಾವನಿಗೆ ಇದ್ದಕ್ಕಿದ್ದಂತೆ ಪರಿಸರಪ್ರೇಮ ಉಕ್ಕಿತು. 'ಜೌಗು ಉಳಿಸಿ' ಎಂದು ಅರ್ಜಿ ಬರೆದು, ಬೀದಿಯೆಲ್ಲ ಸುತ್ತಿ ಸಹಿ ಹಾಕಿಸಿದರು. ಹೋರಾಡಿದವರು ಬೇರೆ ಎಷ್ಟೋ ಜನ ಇದ್ದರು, ಆದರೂ ತಡೆ ಬಂದಾಗ ಸನ್ಮಾನದ ಶಾಲು ಹೊದಿಸಿಕೊಂಡವರು ಭಾವ. ತಮ್ಮ ಮನೆಯೂ ಜೌಗಿನ ಪಕ್ಕದಲ್ಲೇ ಇದೆ ಎಂಬುದೊಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

"ಪೂಜೆ ಬಿಟ್ಟುಬಿಡೋಣ್ವಾ? ಸಾಪಾಡೆಲ್ಲಾ ರೆಡಿ ಆಗಿಬಿಟ್ಟಿದೆಯಲ್ಲ!" ಅಕ್ಕ ಪೇಚಾಡಿದಳು.

"ಕಟ್ಟಡಕ್ಕೆ ತಡೆ ಇರಬಹುದಮ್ಮಾ, ಮುಹೂರ್ತಕ್ಕೆ ಯಾರೂ ಸ್ಟೇ ಕೊಡಕ್ಕಾಗಲ್ಲ," ಎಂದರು ಆಚಾರ್ಯರು. (ಅವರಿಗೆ ತಾಂಬರಂನಲ್ಲಿ ಇನ್ನೊಂದು ಗೃಹಪ್ರವೇಶವಿತ್ತು.) "ಒಂದು ಇಟ್ಟಿಗೆ ಇಟ್ಟುಬಿಡಿ. ಉಳಿದದ್ದು ಶ್ರೀಹರಿಯ ಚಿತ್ತ."

ಇಟ್ಟಿಗೆ ತಂದುಕೊಟ್ಟವರು ಮುರುಗನ್. ಬೀದಿಯ ತುದಿಯಲ್ಲಿ ಅವರದು ಇಟ್ಟಿಗೆ, ಸಿಮೆಂಟು, ಕಬ್ಬಿಣದ ಅಂಗಡಿ.

"ವಾಂಗೋ ಮುರುಗನ್, ವ್ಯಾಪಾರ ಎಪ್ಪಡಿ?" ಭಾವ ಬರಮಾಡಿಕೊಂಡು, ಹೇಗಿದೆ ಎಂದು ವಾಡಿಕೆಯಂತೆ ವಿಚಾರಿಸಿದರು.

ಮುರುಗನ್ ತಮಿಳಿನಲ್ಲಿ ಹೇಳಿದ್ದರ ಕನ್ನಡ ಇಷ್ಟು: "ಈ ತಿಂಗಳು ಅಂಗಡಿಯಿಂದ ಹೊರಗೆ ಹೋಗಿದ್ದು ಇದೊಂದೇ ಇಟ್ಟಿಗೆ ಸಾರ್."

ಗಾರೆ ಕೆಲಸದವರು ಬೇರೆ ಕಡೆ ಹೊರಟುಹೋದರಂತೆ. ಅವರನ್ನೇ ನಂಬಿಕೊಂಡಿದ್ದ ಇಡ್ಲಿ ಅಂಗಡಿ ಮುಚ್ಚಿತಂತೆ. ಹೀಗೇ ಆದರೆ ಪೊಂಗಲ್ ಹೊತ್ತಿಗೆ ಮುರುಗನ್ ಕೂಡ ಬಾಗಿಲು ಎಳೆಯಬೇಕಂತೆ.

"ಹಕ್ಕಿ ನೋಡೋಕೆ ಜನ ಬರ್ತಾರಲ್ಲಪ್ಪಾ, ಟೂರಿಸಂ ಬೆಳೆಯತ್ತೆ!" ಭಾವ ಧೈರ್ಯ ತುಂಬಿದರು.

"ಬರ್ತಾರೆ ಸಾರ್. ನೀರಿನ ಬಾಟ್ಲೂ ಮನೆಯಿಂದಲೇ ತರ್ತಾರೆ. ಹಕ್ಕಿಗಳಂತೂ ಗೂಡು ಕಟ್ಟೋಕೆ ಸಿಮೆಂಟು ಕೇಳಲ್ಲ."

ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಜೌಗು ಉಳಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮಳೆನೀರು ಹೋಗಿ ನಿಲ್ಲುವ ಜಾಗವನ್ನು ಮುಚ್ಚಿ ಮುಚ್ಚಿಯೇ ಅಲ್ಲವೇ ನಮ್ಮ ಬೀದಿಗಳಲ್ಲಿ ದೋಣಿ ಓಡಿಸಿದ್ದು? ಆದರೆ ಉಳಿಸುವ ಖರ್ಚನ್ನು ಯಾರ ತಲೆಗೆ ಕಟ್ಟುತ್ತಿದ್ದೇವೆ? ಭಾವನಿಗೆ ಪೆನ್ಷನ್ ಇದೆ. ನನಗೆ ಈ ಅಂಕಣ ಇದೆ. ಬಿಲ್ಡರು ಇನ್ನೊಂದು ಕೆರೆ ಹುಡುಕಿಕೊಳ್ಳುತ್ತಾನೆ. ಮುರುಗನ್‌ಗೆ ಏನಿದೆ? ಜೌಗಿನ ಸುತ್ತ ತಂತಿಬೇಲಿ ಬಂತಲ್ಲ, ಆ ತಂತಿಯನ್ನಾದರೂ ಈ ಬೀದಿಯ ಅಂಗಡಿಯಲ್ಲಿ ಕೊಳ್ಳೋಣ ಎಂದು ಯಾರಿಗೂ ಅನ್ನಿಸಲಿಲ್ಲವೇ? (ಶಾಲನ್ನು ಮಾತ್ರ ಟಿ.ನಗರದಿಂದ ತರಿಸಿದ್ದರು!)

ಎಲ್ಲರೂ ಪುಳಿಯೋಗರೆ ತಿಂದು ಕೈತೊಳೆಯುವಷ್ಟರಲ್ಲಿ ಭಾವ ಒಳಗಿನಿಂದ ಒಂದು ಹೊಸ ಅರ್ಜಿ ಹಿಡಿದು ಬಂದರು. ಹಳೆಯ ಮನೆಗಳ ಮೇಲೆ ಒಂದೇ ಒಂದು ಮಹಡಿ ಕಟ್ಟಲು ಬಿಡಿ ಎಂಬ ಬೇಡಿಕೆ. ಮೊದಲ ಸಹಿ ಮುರುಗನ್ ಅವರದೇ ಆಗಬೇಕಂತೆ, ಕೈಗುಣ ಒಳ್ಳೆಯದಂತೆ.

ಮುರುಗನ್ ಪಂಚೆಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನೀವು ಕೇಳಿದ್ರಿ ಅಂತ ಹೋದ ಸಲ ಜೌಗು ಉಳಿಸೋಕೂ ಸಹಿ ಹಾಕ್ದೆ ಸಾರ್. ಅದನ್ನ ವಾಪಸ್ ತಗೊಳ್ಳೋಕೆ ಇದ್ರಲ್ಲಿ ಎಲ್ಲಿ ಸಹಿ ಹಾಕ್ಬೇಕು?"