ನೀಲಮ್ಮ ಚಿಗವ್ವನ ಬಿ.ಎ.

ನೀಲಮ್ಮ ಚಿಗವ್ವ ರೊಟ್ಟಿ ಬಡಿಯುತ್ತ ರಾಜರನ್ನು ಬೈಯುತ್ತಿದ್ದಳು. ಟಪಾಲಿನಲ್ಲಿ ಬಂದ ಇತಿಹಾಸದ ಪಾಠ ಒಲೆಯ ಪಕ್ಕದಲ್ಲೇ ತೆರೆದಿರುತ್ತಿತ್ತು. ಕೈ ಹಿಟ್ಟಾಗಿರುತ್ತಿದ್ದರಿಂದ ಹಾಳೆಯನ್ನು ಮೊಣಕೈಯಿಂದ ತಿರುವುತ್ತಿದ್ದಳು.

"ತುಘಲಕ್ ರಾಜಧಾನಿ ಬದ್ಲಿ ಮಾಡಿದ ಅಂತ ಬರದಾರ. ಗಡಿಗಿ, ಬೀಸೋಕಲ್ಲು ಹೊತ್ಕೊಂಡು ಹೋದ ಹೆಣ್ಮಕ್ಕಳ ಸುದ್ದೀನ ಇಲ್ಲ ನೋಡವ್ವ!" ಎನ್ನುವಾಗ ರೊಟ್ಟಿಗೆ ಎರಡು ಏಟು ಹೆಚ್ಚಿಗೆ ಬೀಳುತ್ತಿದ್ದವು.

ಮುಕ್ಕುಂದದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅವಳದು ಮೆಟ್ರಿಕ್ ಆಗಿತ್ತು. ಅವಳ ಗಂಡ, ನಮ್ಮ ಕಾಕಾ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮೇಲೆ ದುಡಿಯುತ್ತಿದ್ದ. ಮೂರು ಮಕ್ಕಳಾದ ಮೇಲೆ ಚಿಗವ್ವ ಟಪಾಲಿನ ಮೂಲಕ ಬಿ.ಎ. ಕಟ್ಟಿದಳು. ಹೈಸ್ಕೂಲಿನಲ್ಲಿ ಪಾಠ ಮಾಡಬೇಕೆಂಬುದು ಅವಳ ಹಟ. ಅವಳ ಮಾವ, ಅಂದರೆ ನಮ್ಮ ತಾತ, ಅಡ್ಡ ಬರಲಿಲ್ಲ, ಮೆಚ್ಚಲೂ ಇಲ್ಲ.

ಕೊನೆಯ ವರ್ಷದ ಪರೀಕ್ಷೆ ಭತ್ತದ ನಾಟಿಯ ಹೊತ್ತಿಗೇ ಬಂತು. ಕಾಲುವೆಗೆ ನೀರು ಬಿಟ್ಟಿದ್ದರು, ಸಸಿ ಬಲಿತಿತ್ತು. ನಮ್ಮಲ್ಲಿ ನಾಟಿ ನಡೆಯುತ್ತಿದ್ದುದು ಮುಯ್ಯಿಯ ಮೇಲೆ: ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮದಕ್ಕೆ. ಮುಯ್ಯಾಳು ಬಂದ ದಿನ ಮನೆಯವರೊಬ್ಬರು ಜೊತೆಗೆ ಬಗ್ಗಲೇಬೇಕು. ಇಲ್ಲದಿದ್ದರೆ ಅದು ಮುಯ್ಯಿಯಲ್ಲ, ದರ್ಬಾರು. ನಮ್ಮವ್ವ ಹಸಿ ಬಾಣಂತಿ. ಉಳಿದವಳು ಚಿಗವ್ವ ಒಬ್ಬಳೇ.

"ಪರೀಕ್ಷಾ ಮುಂದಿನ ವರ್ಷಾನೂ ಬರತೈತಿ. ಸಸಿ ಕಾಯಂಗಿಲ್ಲವಾ," ಎಂದ ತಾತ.

"ಈ ವರ್ಷ ಹೋಗ್ಲಿಲ್ಲಂದ್ರ ನಾ ಮತ್ತ ಹೋಗಂಗಿಲ್ರಿ ಮಾವ," ಎಂದು ಚಿಗವ್ವ ಅತ್ತೇಬಿಟ್ಟಳು. ಯಾರಿಗೂ ಜಗ್ಗದ ಹೆಂಗಸು ಅತ್ತದ್ದು ಕಂಡು ನನಗೂ ಅಳು ಬಂತು.

ಮುಯ್ಯಾಳುಗಳಲ್ಲಿ ಹಿರಿಯಳಾದ ಹುಲಿಗೆಮ್ಮ ತಾತ ಕೂತಿದ್ದ ಮನೆಯ ಕಟ್ಟೆಗೇ ಬಂದಳು. "ಆಕೀನ್ನ ಕಳಸು ಯಣ್ಣಾ. ಮನಿಯವ್ರು ಒಬ್ರು ಬಗ್ಗಿದ್ರ ಸಾಕು. ನಿನಗೇನು ನಡ ಇಲ್ಲೇನು?"

ಗಂಡಸು ನಾಟಿಗೆ ಬಗ್ಗಿದ್ದನ್ನು ನಮ್ಮೂರು ಕಂಡಿರಲಿಲ್ಲ. ಮರುದಿನ ತಾತ, ಮಕ್ಕಳನ್ನು ಅವ್ವನ ಹತ್ತಿರ ಬಿಟ್ಟ ಚಿಗವ್ವನನ್ನು ಲಿಂಗಸುಗೂರಿನ ಬಸ್ಸು ಹತ್ತಿಸಿ, ಧೋತರ ಎತ್ತಿ ಕಟ್ಟಿ ಕೆಸರಿಗಿಳಿದ. ಹೆಣ್ಣುಮಕ್ಕಳು ನಕ್ಕು ನಕ್ಕು ಸುಸ್ತಾದರು. ತಾತ ಹಚ್ಚಿದ ಸಸಿ ಒಂದು ಕಾಲುವೆ ಕಡೆ ನೋಡಿದರೆ ಇನ್ನೊಂದು ಸಿಂಧನೂರಿನ ಕಡೆ ನೋಡುತ್ತಿತ್ತು. ಆದರೂ ಗದ್ದೆ ಮುಗಿಯುವವರೆಗೆ ಅವನು ಸಾಲು ಬಿಡಲಿಲ್ಲ.

ಚಿಗವ್ವ ಪಾಸಾದಳು! ತಾತ ಮಸ್ಕಿ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ಸೊಸಿ ಬಿ.ಎ. ಆಗ್ಯಾಳ" ಎಂದು ಸಾರಿಕೊಂಡು ಬಂದ. ಬಿ.ಎ. ಆದವಳು ಮುಂದಿನ ನಾಟಿಯಲ್ಲಿ ಮುಯ್ಯಿ ತೀರಿಸಲು ಎಲ್ಲರ ಗದ್ದೆಗೂ ಬಗ್ಗಿದಳು. ಆಮೇಲೆ ಬಿ.ಎಡ್. ಮುಗಿಸಿ, ನಿವೃತ್ತಿಯಾಗುವವರೆಗೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದಳು.

ಚಿಗವ್ವ ಈಗಿಲ್ಲ. ಕೊನೆಯ ಸಲ ನೋಡಲು ಹೋದಾಗ ಆ ಪರೀಕ್ಷೆಯ ಮಾತು ತೆಗೆದೆ. ಬಾಯಿ ತುಂಬ ನಕ್ಕಳು.

"ಏನು ಬರದೆನೋ ನೆನಪಿಲ್ಲವ್ವ. ತಿರುಗಿ ಬಂದಾಗ ಮಾವ ಬದುವಿನ ಮ್ಯಾಲ ಕುಂತಿದ್ರು, ಮೊಣಕಾಲಮಟ ಕೆಸರು. 'ಎಲ್ಲಾ ಬರದಿಯೇನು?' ಅಂದ್ರು. ಬರದೀನ್ರಿ ಅಂದೆ. 'ನಾನೂ ಎಲ್ಲಾ ಹಚ್ಚೀನಿ ನೋಡು' ಅಂದ್ರು."